ಬದುವಿನ ಮೇಲಿನ ಬೂಟುಗಳು

ಅವರೆಕಾಯಿಯ ಕಾಲ ಬಂತೆಂದರೆ ನಮ್ಮ ಕಡೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗಾಲು ತಣ್ಣಗಾಗುತ್ತದೆ. ಈವತ್ತು ಬೆಳಿಗ್ಗೆಯೂ ಹಾಗೇ ಆಯಿತು. ನನ್ನ ಹೆಂಡತಿ ಅರಸೀಕೆರೆ ಮಾರ್ಕೆಟ್ಟಿನಿಂದ ಚೀಲ ತಂದು ಅಡುಗೆಮನೆಯ ನೆಲದ ಮೇಲೆ ಸುರಿದು, "ಸೊಗಡು ನೋಡ್ರೀ, ಕೈಗೆಲ್ಲ ಅಂಟ್ಕೊಂಡಿದೆ" ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕೂತುಬಿಟ್ಟೆ. ಅವಳಿಗೆ ಇದು ಪ್ರತಿವರ್ಷದ ಅಭ್ಯಾಸ. ನಿಮಗೆ ಮಾತ್ರ ಮೊದಲಿನಿಂದ ಹೇಳಬೇಕು.

ನಾನು ಈಗ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅದಕ್ಕೆ ಮೊದಲು ಕೀಟನಾಶಕ ತಯಾರಿಸುವ ಒಂದು ಕಂಪನಿಯಲ್ಲಿದ್ದೆ. ಸಾಮಾನ್ಯ ಕೆಲಸವೆಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಿಗುವ ಔಷಧಿಯನ್ನು ಹೊಡೆಯುವುದು ಬೇರೆ. ಇನ್ನೂ ಮಾರಾಟಕ್ಕೆ ಬಿಡದ, ಹೆಸರೇ ಇಡದ, ಸೀಸೆಯ ಮೇಲೆ ಬರೀ ನಂಬರಿರುವ ಔಷಧಿಯನ್ನು ರೈತರ ಹೊಲದಲ್ಲಿ ಹೊಡೆದು ನೋಡಿ, ಆಮೇಲೆ ಊರಿನವರಿಗೆ ಪ್ರಾತ್ಯಕ್ಷಿಕೆ ತೋರಿಸುವುದು ಬೇರೆ. ಅದಕ್ಕೆ ಕಂಪನಿ ಪ್ರತ್ಯೇಕ ಸರ್ಟಿಫಿಕೇಟು ಕೇಳುತ್ತಿತ್ತು. ತರಬೇತಿ ಮುಗಿಸಿ ಪರೀಕ್ಷೆ ಬರೆಯಬೇಕು. ಪಾಸಾದವನೇ ತನ್ನ ಕೈಯಾರೆ ಔಷಧಿ ಬೆರೆಸಬೇಕು, ತಾನೇ ಹೊಡೆಯಬೇಕು, ಇನ್ನೊಬ್ಬರ ಕೈಗೆ ಕೊಡಕೂಡದು. ಹೊಲದಲ್ಲಿ ಅವನ ಹೆಸರಿನ ಬೋರ್ಡು ನೆಡಬೇಕು. ಬೆಳೆದದ್ದನ್ನು ಯಾರೂ ತಿನ್ನದ ಹಾಗೆ ಗುಂಡಿ ತೋಡಿ ಹೂಳಬೇಕು. ಇಷ್ಟನ್ನೂ ನಾನು ಬಾಯಿಪಾಠ ಮಾಡಿದ್ದೆ. ಗಂಬೂಟು ಯಾಕೆ ಹಾಕಬೇಕು ಎಂಬ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು.

ಬೇಲೂರಿನ ನಮ್ಮ ಮನೆಯಲ್ಲಿ ಅಮ್ಮ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತುಹಾಕಿದಳು. ದಿನಾ ಬೆಳಿಗ್ಗೆ ಲಕ್ಷ್ಮಿಗೆ ಒಂದು ಬೊಟ್ಟು, ಸರಸ್ವತಿಗೆ ಒಂದು ಬೊಟ್ಟು, ಕೀಟನಾಶಕಕ್ಕೆ ಒಂದು ಬೊಟ್ಟು. "ಅಮ್ಮಾ, ಅದು ದೇವರಲ್ಲ" ಎಂದರೆ, "ಅನ್ನ ಕೊಡೋದೆಲ್ಲ ದೇವರೇ ಕಣೋ, ಸುಮ್ನಿರು" ಅನ್ನುತ್ತಿದ್ದಳು. ನನಗೂ ಒಳಗೊಳಗೇ ಹೆಮ್ಮೆಯೇ.

ನನ್ನ ಪಾಲಿಗೆ ಬಂದ ಹೊಲ ಹಾರನಹಳ್ಳಿಯ ಹತ್ತಿರದ್ದು, ಮರುಳಪ್ಪನವರದು. ಐವತ್ತರ ಆಸುಪಾಸಿನ ಮನುಷ್ಯ, ಮೆದು ಮಾತು. ಹೆಂಡತಿ ನಿಂಗಮ್ಮ. ಕಾಲು ಎಕರೆಯಲ್ಲಿ ಅವರೆ ಹಾಕಿದ್ದರು. ಮೊದಲ ಸಲ ನಾನೇ ಹೋಗಿ ಬಿಳಿಯ ಉಡುಪು, ಮುಖವಾಡ, ಕನ್ನಡಕ, ಕೈಗವಸು, ಗಂಬೂಟು ಎಲ್ಲ ತೊಟ್ಟು ಹೊಲಕ್ಕೆ ಇಳಿದೆ. ಅವರೆ ಹೂಬಿಟ್ಟಿತ್ತು. ನಾನು ಬೂಟಿನ ಕಾಲಿಟ್ಟಾಗ ನಿಂಗಮ್ಮ ಮುಖ ಆಚೆ ತಿರುಗಿಸಿದರು. ಬಿಸಿಲಿಗೆ ಇರಬೇಕೆಂದುಕೊಂಡೆ.

ಒಂದು ವಾರ ಬಿಟ್ಟು ಹೋಗಿ ಬದುವಿನ ಮೇಲೆ ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಹೊಲದ ಹೂವಿನಲ್ಲಿ ಜೇನ್ನೊಣಗಳ ಗುಂಯ್ ಎನ್ನುವ ಸದ್ದು. ನಮ್ಮ ಹೊಲದಲ್ಲಿ ಏನೂ ಇಲ್ಲ. ಹೂವು ಅಷ್ಟೇ ಇತ್ತು, ಬಿಸಿಲು ಅಷ್ಟೇ ಇತ್ತು, ಸದ್ದು ಮಾತ್ರ ಬದುವಿನ ಆಚೆಗೇ ನಿಂತಿತ್ತು. ನಡುವೆ ನನ್ನ ಹೆಸರಿನ ಬೋರ್ಡು. ಮರುಳಪ್ಪನವರು ಮೆಲ್ಲಗೆ, "ಗುಬ್ಬೀನೂ ಬರ್ತಿಲ್ಲ ಸಾರ್" ಎಂದರು. ನಾನು ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬರೆದುಕೊಂಡೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆದುಕೊಂಡೆ.

ಎರಡನೆಯ ಸಲ ಹೊಡೆಯಬೇಕಾದ ದಿನ ನಾನು ಹೋಗಲಿಲ್ಲ. ಜ್ವರವಲ್ಲ, ಮದುವೆಯಲ್ಲ, ಶುದ್ಧ ಸೋಮಾರಿತನ. ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಟೆಂಪೋ. ಅಷ್ಟೆಲ್ಲ ಹೋಗಿ ಆ ಉಡುಪಿನೊಳಗೆ ಬೇಯಬೇಕು. ಮರುಳಪ್ಪನವರಿಗೆ ಫೋನು ಮಾಡಿ, "ಉಡುಪು, ಔಷಧಿ ಎಲ್ಲ ನಿಮ್ಮನೇಲೇ ಇದೆಯಲ್ಲ, ಒಂದು ಸಲ ನೀವೇ ಹೊಡೆದುಬಿಡಿ. ಮುಖವಾಡ ತೆಗೀಬೇಡಿ" ಎಂದೆ. "ಅದಕ್ಕೇನ್ ಸಾರ್, ಹೊಡೀತೀನಿ" ಎಂದರು ಪಾಪ. ಪ್ರತಿಸಲವೂ ಬೋರ್ಡಿನ ಪಕ್ಕದಲ್ಲಿ ನಿಂತ ಫೋಟೋ ಕಳಿಸಬೇಕೆಂಬ ನಿಯಮವಿತ್ತು. ಅದರಲ್ಲಿ ಮುಖವಾಡ ಕಾಣಬೇಕೆಂದು ಬರೆದಿತ್ತು, ಮುಖ ಕಾಣಬೇಕೆಂದು ಬರೆದಿರಲಿಲ್ಲ. ನಿಂಗಮ್ಮ ತೆಗೆದು ಕಳಿಸಿದ ಫೋಟೋವನ್ನು ನಾನು ಮುಂದಕ್ಕೆ ಕಳಿಸಿ, ರಿಜಿಸ್ಟರಿನಲ್ಲಿ 'ನಾನೇ ಸಿಂಪಡಿಸಿದೆ' ಎಂದು ಸಹಿ ಹಾಕಿದೆ.

ಮುಂದಿನ ಸಲ ಊರಿಗೆ ಹೋದಾಗ ದಾರಿಯಲ್ಲಿ ಕೆಂಚಜ್ಜಿ ತಡೆದಳು. ಮರುಳಪ್ಪನವರ ಪಕ್ಕದ ಹೊಲದ ಮುದುಕಿ, ಯಾವಾಗಲೂ ಒಂದೆರಡು ಮೇಕೆ ಹಿಂದೆ ಓಡಾಡುವವಳು.

"ಏನಪ್ಪಾ, ಅವತ್ತು ಮದ್ಯಾನ ಹೊಲ್ದಲ್ಲಿ ನಿಂತಿದ್ದೆ, ಎಷ್ಟು ಕೂಗಿದ್ರೂ ಓ ಅನ್ನಲಿಲ್ಲ?"

"ನಾನಾ ಅಜ್ಜಿ?"

"ನೀನೇ ಕಣಪ್ಪ, ನಾನೇ ನೋಡಿವ್ನಿ. ಬೆಳ್ಳಗೆ ನಿಂತಿದ್ದೆ."

ನಕ್ಕು ಮುಂದೆ ಹೋದೆ. ಆದರೆ ಟೀ ಅಂಗಡಿಯವನೂ ಅದೇ ಹೇಳಿದ. ನಾನು ಬೇಲೂರಿನಲ್ಲಿ ಮಂಚದ ಮೇಲೆ ಬಿದ್ದಿದ್ದ ಹೊತ್ತಿಗೆ ಹಾರನಹಳ್ಳಿಯ ಹೊಲದಲ್ಲಿ ನಾನು ನಿಂತಿದ್ದೆ. ಕಣ್ಣಾರೆ ಕಂಡವರಿದ್ದರು, ಫೋಟೋ ಇತ್ತು, ನನ್ನದೇ ಸಹಿ ಇತ್ತು. ಇಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಏನಿತ್ತು ಹೇಳಿ? ಆದರೂ ಮೂರನೆಯ ಸಲಕ್ಕೂ ನಾನು ಹೋಗಲಿಲ್ಲ. ಒಂದು ಸಲ ದಕ್ಕಿದ ಸುಳ್ಳು ಎಷ್ಟು ಆರಾಮವೆಂದು ನಿಮಗೂ ಗೊತ್ತಿರಬಹುದು.

ಅವತ್ತು ಮಧ್ಯಾಹ್ನ ಫೋಟೋ ಬಂತು. ಸ್ವಲ್ಪ ಹೊತ್ತಿಗೆ ನಿಂಗಮ್ಮನ ಫೋನು.

"ಸಾರ್, ಇವ್ರು ಬದಿನ ಮೇಲೆ ಕುಂತೋರು ಏಳ್ತಾನೇ ಇಲ್ಲ. ಜೊಲ್ಲು ಸುರೀತೈತೆ, ಬೆವರು ನಿಲ್ತಿಲ್ಲ. ಅರಸೀಕೆರೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಾವ್ರೆ. ಡಾಕ್ಟ್ರು ಕೇಳಿದ್ರೆ ಏನ್ ಹೇಳ್ಲಿ?"

ಸೀಸೆಯಲ್ಲಿದ್ದದ್ದು ಯಾವ ಜಾತಿಯ ವಿಷವೆಂಬ ಕಾಗದ ನನ್ನ ಚೀಲದಲ್ಲಿತ್ತು. ಆ ಕ್ಷಣವೇ ಫೋನಿನಲ್ಲಿ ಓದಿ ಹೇಳಬಹುದಿತ್ತು. ನನ್ನ ಕಣ್ಣ ಮುಂದೆ ಬಂದದ್ದು ದೇವರ ಸಾಲಿನಲ್ಲಿದ್ದ ಸರ್ಟಿಫಿಕೇಟು.

"ನಾನು ಬರೋವರೆಗೂ ಏನೂ ಹೇಳ್ಬೇಡಿ" ಎಂದೆ.

ಬಸ್ಸಿನಲ್ಲಿ ಕೂತು ಆ ಫೋಟೋವನ್ನು ಮತ್ತೆ ತೆಗೆದೆ. ಬಿಳಿ ಉಡುಪು, ಮುಖವಾಡ, ಬೋರ್ಡು, ನನ್ನ ಹೆಸರು. ದೊಡ್ಡದು ಮಾಡಿ ನೋಡುತ್ತ ಹೋದಾಗ ಮೂಲೆಯಲ್ಲಿ ಬದು ಕಂಡಿತು. ಬದುವಿನ ಮೇಲೆ ನನ್ನ ಗಂಬೂಟುಗಳು ಜೋಡಿಯಾಗಿ, ಹೊಲದ ಕಡೆಗೆ ಮುಖ ಮಾಡಿ ನಿಂತಿದ್ದವು. ಅವುಗಳೊಳಗೆ ಯಾರೂ ಇರಲಿಲ್ಲ. ಆಗಲೇ ನನ್ನ ಅಂಗಾಲು ಮೊದಲ ಸಲ ತಣ್ಣಗಾಯಿತು. ಹಳೇಬೀಡು ದಾಟಿದ್ದು, ಮುಂದಿನ ಬಸ್ಸು ಹತ್ತಿದ್ದು ಯಾವುದೂ ನೆನಪಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಕೆಡಿಸಿಕೊಂಡು ನಿಂತಿದ್ದರು. "ನೋಡಿದ್ರೆ ಔಷಧಿ ಹೊಡೆದೋರ ಥರಾನೇ ಇದೆ. ಇವರು ಮುಟ್ಟೇ ಇಲ್ಲ ಅಂತಾರೆ. ಹಾವೋ, ಹುಳವೋ, ಏನಾದ್ರೂ ತಿಂದ್ರೋ, ಯಾರಾದ್ರೂ ಸರಿಯಾಗಿ ಹೇಳ್ರಪ್ಪ!"

ಮಂಚದ ಮೇಲಿದ್ದ ಮರುಳಪ್ಪನವರ ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟಾಗಿತ್ತು. ನನ್ನನ್ನು ಗುರುತಿಸಿದರು. ತೊದಲುತ್ತ, "ನಾನು ಮುಟ್ಟಿಲ್ಲ ಡಾಕ್ಟ್ರೇ. ಸಾರೇ ಹೊಡ್ದಿದ್ದು. ಊರೋರೆಲ್ಲ ನೋಡವ್ರೆ" ಎಂದರು.

ನನ್ನನ್ನು ಉಳಿಸುತ್ತಿದ್ದರು ಕಣ್ರೀ. ಉಸಿರು ಸಿಕ್ಕದ ಆ ಹೊತ್ತಿನಲ್ಲಿ! ನಾನು ಚೀಲದಿಂದ ಕಾಗದ ತೆಗೆದು ಡಾಕ್ಟರ ಕೈಗೆ ತುರುಕಿ, "ಅವರೇ ಹೊಡೆದದ್ದು. ಎರಡು ಸಲ. ಬರಿಗಾಲಲ್ಲಿ. ನಾನೇ ಹೊಡೆಸಿದ್ದು, ಸುಳ್ಳು ಸಹಿ ಹಾಕಿದ್ದೂ ನಾನೇ" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಅಂದೆ. ಡಾಕ್ಟರು ಒಂದೇ ಮಾತು ಕೇಳಿದರು: "ಇದನ್ನ ಆಗಲೇ ಫೋನಲ್ಲಿ ಹೇಳೋಕೆ ಏನಾಗಿತ್ತು?"

ಮರುಳಪ್ಪನವರು ಉಳಿದರು. ಎರಡು ಮೂರು ವಾರ ಕಳೆದ ಮೇಲೆ ಅವರ ಅಂಗಾಲಿನ ಸ್ಪರ್ಶ ಹೋಯಿತು; ಹೋದದ್ದು ಮತ್ತೆ ಬರಲಿಲ್ಲ. ತಡವಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ಜಾತಿಯ ವಿಷದ ಗುಣವೇ ಹಾಗೆ ಎಂದು ಡಾಕ್ಟರು ಹೇಳಿದರು. ನಾನು ನಂಬಿಲ್ಲ. ನನ್ನ ಸರ್ಟಿಫಿಕೇಟು ರದ್ದಾಯಿತು, ಕೆಲಸ ಹೋಯಿತು. ಬೇಲೂರಿನ ಮನೆಯಲ್ಲಿ ಈಗ ಬರೀ ಮೊಳೆಯಿದೆ. ಅಮ್ಮ ಆ ಜಾಗಕ್ಕೆ ಬೇರೆ ಪಟ ಹಾಕಲಿಲ್ಲ.

"ಬೂಟು ಯಾಕೆ ಬಿಟ್ರಿ?" ಎಂದು ಒಂದು ದಿನ ಮರುಳಪ್ಪನವರನ್ನು ಕೇಳಿದೆ.

"ಹೂ ಬಿಟ್ಟಿರೋ ಹೊಲ ಅಲ್ವಾ ಸಾರ್, ಬಸುರಿ ಇದ್ದಂಗೆ. ಮೆಟ್ಟು ಹಾಕ್ಕೊಂಡು ಹೆಂಗ್ ತುಳೀಲಿ? ನೀವು ಹೇಳಿದ್ದು ಮುಖವಾಡ ತೆಗೀಬೇಡಿ ಅಂತ. ಅದನ್ನ ತೆಗೀಲಿಲ್ಲ."

ನಿಂಗಮ್ಮ ಅವತ್ತು ಯಾಕೆ ಮುಖ ತಿರುಗಿಸಿದರೆಂದು ಆಗ ತಿಳಿಯಿತು.

ಇನ್ನೊಂದು ವಿಷಯ ಉಳಿದಿದೆ. ಮರುಳಪ್ಪನವರು ಆಸ್ಪತ್ರೆಯಲ್ಲಿದ್ದ ನಾಲ್ಕನೆಯ ದಿನ ನಾನು ಹಗಲೆಲ್ಲ ಅವರ ಮಂಚದ ಪಕ್ಕದಲ್ಲೇ ಕೂತಿದ್ದೆ. ಬಿಳಿಯ ಉಡುಪು ಅಲ್ಲೇ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಸಂಜೆ ಕೆಂಚಜ್ಜಿ ನೋಡಲು ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಯ್ಯೋ ಶಿವನೇ, ನೀನು ಯಾವಾಗ ಬಂದೆ? ಮದ್ಯಾನ ಹೊಲ್ದಲ್ಲಿದ್ಯಲ್ಲಪ್ಪ! ಬರಿಗಾಲಲ್ಲಿ ನಿಂತಿದ್ದೆ."

ಅಜ್ಜಿಗೆ ಕಣ್ಣು ಮಂಜು ಎಂದು ಎಲ್ಲರೂ ಅಂದರು. ನಾನೂ ಅಂದೆ.

ಇಷ್ಟನ್ನು ಬೆಳಿಗ್ಗೆ ಕುರ್ಚಿಯ ಮೇಲೆ ಕೂತೇ ನೆನೆಸಿಕೊಂಡೆ. ಇಷ್ಟು ವರ್ಷ ಮರುಳಪ್ಪನವರನ್ನು ನೋಡಲು ಹೋಗುತ್ತಿದ್ದೆ. ಹಣ್ಣು ಕೊಟ್ಟು, ಜಗುಲಿಯಲ್ಲಿ ಕೂತು, ಹೊಲದ ಕಡೆ ನೋಡದೆ ಬಂದುಬಿಡುತ್ತಿದ್ದೆ. ಈವತ್ತು ಮಧ್ಯಾಹ್ನ ಹೋದಾಗ ಅವರು ಮನೆಯಲ್ಲಿರಲಿಲ್ಲ. ಬದುವಿನ ಮೇಲೆ ಕೋಲು ಹಿಡಿದು ಕೂತಿದ್ದರು. ಕಾಲಿಗೆ ಚಪ್ಪಲಿ, ಚಪ್ಪಲಿಯನ್ನು ಪಾದಕ್ಕೆ ಬಿಗಿದು ಕಟ್ಟಿದ ದಾರ. ಕಟ್ಟದಿದ್ದರೆ ಕಳಚಿ ಬಿದ್ದದ್ದು ಅವರಿಗೆ ತಿಳಿಯುವುದಿಲ್ಲ. ಬರಿಗಾಲಲ್ಲಿ ಹೋದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಮೆಟ್ಟು ಹಾಕಿಕೊಂಡು ತುಳಿಯಲು ಮನಸ್ಸಿಲ್ಲ; ಹಾಗಾಗಿ ಅವರೆ ಹೂಬಿಟ್ಟಾಗ ಅವರು ಹೊಲಕ್ಕೆ ಇಳಿಯುವುದನ್ನೇ ಬಿಟ್ಟಿದ್ದಾರೆ. ಜೇನ್ನೊಣಗಳು ಈಗ ಬದುವಿನ ಈಚೆಗೂ ಬಂದಿವೆ.

ನಾನು ಬೂಟು ಬಿಚ್ಚಿದೆ, ಕಾಲುಚೀಲವನ್ನೂ ತೆಗೆದೆ. ಜೋಡಿಯಾಗಿ ಇಟ್ಟು ಹೊಲಕ್ಕೆ ಇಳಿದೆ. ಸಾಲಿನ ನಡುವೆ ಹೋಗಿ ನಿಂತಾಗ, ಈ ಜಾಗದಲ್ಲಿ ಹೀಗೇ ನಾನು ಹಿಂದೆಯೂ ನಿಂತಿದ್ದೆ ಎಂದು ಅನ್ನಿಸಿತು.

ದಾರಿಯ ಕಡೆಯಿಂದ ಕೂಗು ಬಂತು. "ಯಾರಪ್ಪಾ ಅದು, ಹೊಲ್ದಲ್ಲಿ?" ಕೆಂಚಜ್ಜಿ, ಬೆನ್ನು ಈಗ ಇನ್ನಷ್ಟು ಬಾಗಿದೆ.

"ಓ! ನಾನೇ ಅಜ್ಜಿ, ನಾನೇ!"

ಅವಳು ಕೈಯನ್ನು ಹಣೆಗಿಟ್ಟು ನೋಡಿ, ಮೇಕೆ ಹೊಡೆದುಕೊಂಡು ಹೋದಳು. ಬದುವಿನ ಮೇಲಿಂದ ಮರುಳಪ್ಪನವರು ನನ್ನ ಪಾದವನ್ನೇ ನೋಡುತ್ತಿದ್ದರು.

"ನೆಲ ತಣ್ಣಗೈತಾ ಸಾರ್?"

"ಐತೆ, ಮರುಳಪ್ಪಣ್ಣ" ಎಂದೆ. "ತಣ್ಣಗೈತೆ."