ಮೇಲಿನ ರಾಶಿ, ಕೆಳಗಿನ ರಾಶಿ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಕಾಲುವೆಯ ನೀರು ಯಾವ ಬಣ್ಣದ್ದೆಂದು ಹೇಳಲಾಗದ ಹೊತ್ತು. ಸೊಂಟಮಟ್ಟದ ನೀರಿನಲ್ಲಿ ನಿಂತವರೊಬ್ಬರು ಎಡಗೈಯಿಂದ ಜೊಂಡುಹುಲ್ಲನ್ನು ಮಗುವಿನಂತೆ ತಬ್ಬಿಕೊಂಡು, ಬಲಗೈಯ ಕುಡುಗೋಲನ್ನು ನೀರಿಗಿಂತ ಒಂದು ಗೇಣು ಮೇಲೆ ಎಳೆಯುತ್ತಾರೆ. ಸರಕ್ಕೆಂದು ಒಂದು ಹಿಡಿ ಕೈಗೆ ಬರುತ್ತದೆ. ದಡದ ಬುಟ್ಟಿಗೆ ಎಸೆದು ಮುಂದಿನ ಹಿಡಿಗೆ ಕೈಚಾಚುತ್ತಾರೆ.

"ಇನ್ನೂ ಕೆಳಗೆ ಕೊಯ್ದ್ರೆ ಕಡ್ಡಿಯೊಳಗೆ ನೀರು ನುಗ್ಗತ್ತೆ, ಬುಡ ಕೊಳೆತು ಹೋಗತ್ತೆ. ಅದಕ್ಕೆ ಮೂಗು ಮೇಲಿರಬೇಕು," ಎನ್ನುತ್ತಾರೆ, ಕೆಲಸ ನಿಲ್ಲಿಸದೆ.

ಇವರು ಜೊಂಡಣ್ಣ. ಮನೆಯವರಿಟ್ಟ ಹೆಸರು ಬೇರೆ ಇದೆ, ಆದರೆ ಅದು ಅಂಚೆಯವನಿಗೂ ಮರೆತುಹೋಗಿದೆ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವ ಹೆಂಗಸು ಕೂಗುತ್ತಾಳೆ: "ಏನ್ ಜೊಂಡಣ್ಣ, ಕಾಲುವೆಗೆ ಬೆಳಗಾಗ್ತಿದ್ದ ಹಾಗೇ ಕ್ಷೌರ ಶುರುನಾ? ಮದುವೆ ಗಿದುವೆ ಇದ್ಯಾ ಅದಕ್ಕೆ?" ಮೊದಲಾಗಿದ್ದರೆ ಇದಕ್ಕೆ ಪಟ್ಟನೆ ಉತ್ತರ ಬೀಳುತ್ತಿತ್ತಂತೆ. ಈಗ ಅವರು ತುಸು ನಕ್ಕು ತಲೆ ತಗ್ಗಿಸುತ್ತಾರೆ. "ಅಕ್ಕನ ಸೊಪ್ಪಿನ ವಿಷಯ ಆದ ಮೇಲೆ ಹೀಗೇ," ಎಂದು ಒಗೆಯುವಾಕೆ ದನಿ ಇಳಿಸಿ ಹೇಳುತ್ತಾಳೆ.

ಏಳು ಕೆರೆ ಕುಡಿದರೂ ದಾಹ ತೀರದ ರಕ್ಕಸನೊಬ್ಬ ಅಜ್ಜಿಯರ ಕಥೆಗಳಲ್ಲಿ ಇರುತ್ತಾನಲ್ಲ, ಜೊಂಡು ಅವನ ಕಡೆಯದೇ. ಕಾಲುವೆಯ ಮೇಲ್ಭಾಗದಲ್ಲಿ ನಲ್ಲಿಗಳಿಗೆ, ಬಾಗಿಲ ಹಿಡಿಕೆಗಳಿಗೆ ಹೊಳಪು ಕೊಡುವ ಗಿಲೀಟು ಶೆಡ್ಡುಗಳಿವೆ. ಅಲ್ಲಿಂದ ತೊಳೆದ ನೀರಿನ ಜೊತೆ ಲೋಹವೂ ಹರಿದು ಬರುತ್ತದೆ. ಕೆಳಭಾಗದಲ್ಲಿ ಹೊಲಗಳ ಗೊಬ್ಬರ, ಬಚ್ಚಲುಗಳ ಸೋಪು. ಖಾಲಿ ಕ್ಯಾನುಗಳ ಮೇಲೆ ಬಿದಿರು ಕಟ್ಟಿದ ತೆಪ್ಪಗಳಲ್ಲಿ ಜೊಂಡು, ಕಾಬಾಳೆ ಹೂಗಿಡ ನೆಟ್ಟು ತೇಲಬಿಟ್ಟಿದ್ದಾರೆ. ಅವುಗಳ ಬೇರು ನೀರಿನೊಳಗೆ ಗಡ್ಡದಂತೆ ಇಳಿದು ಎಲ್ಲವನ್ನೂ ಹೀರುತ್ತದೆ. ಹೀರಿದ್ದು ಒಳಗಿರುವಾಗಲೇ ಕೊಯ್ದು ಹೊರಗೆ ಸಾಗಿಸಬೇಕು. ಗಿಡ ಅಲ್ಲೇ ಒಣಗಿ ಬಿದ್ದರೆ ತಿಂದದ್ದನ್ನೆಲ್ಲ ಮತ್ತೆ ಕಾಲುವೆಗೇ ಕಕ್ಕುತ್ತದೆ. ನಡುವೆ ಕರೆಯದೇ ಬಂದ ನೆಂಟನಂತೆ ಅಂತರಗಂಗೆ ಹಬ್ಬುತ್ತದೆ. ಅದನ್ನೂ ಎಳೆದು ಹಾಕಬೇಕು. ದಿನಕ್ಕೆ ಮೂವತ್ತು ಬುಟ್ಟಿಯಾದರೂ ದಡ ಸೇರಬೇಕು.

ಜೊಂಡಣ್ಣನ ಬೆರಳ ತುದಿಗಳಲ್ಲಿ ಗೆರೆಗಳಿಲ್ಲ. ನಗರಸಭೆಯ ಈ ಕೆಲಸ ಸಿಗುವ ಮೊದಲು ಅವರು ದುಡಿದದ್ದು ಅದೇ ಗಿಲೀಟು ಶೆಡ್ಡಿನಲ್ಲಿ. ಕೊಕ್ಕೆಗೆ ನಲ್ಲಿ ಸಿಕ್ಕಿಸಿ ಚರ್ಮ ಸುಡುವ ಆಸಿಡ್ ತೊಟ್ಟಿಯಲ್ಲಿ ಅದ್ದುವುದು, ತೆಗೆಯುವುದು, ತೊಳೆದ ನೀರನ್ನು ಮೋರಿಗೆ ತಳ್ಳುವುದು. "ಅಲ್ಲಿಂದ ಬಿಟ್ಟಿದ್ದನ್ನ ಇಲ್ಲಿ ನಿಂತು ಆರಿಸ್ತಾ ಇದೀನಿ. ಯಾರಿಗೆ ಹೇಳಿದ್ರೂ ನಗ್ತಾರೆ," ಎನ್ನುವಾಗ ಅವರು ಮಾತ್ರ ನಗುವುದಿಲ್ಲ.

ಈ ಕೆಲಸಕ್ಕೆ ಒಂದೇ ಒಂದು ಕಟ್ಟಾಜ್ಞೆ ಇದೆ. ಮೇಲ್ಭಾಗದ ತೆಪ್ಪಗಳಿಂದ ಕೊಯ್ದದ್ದು ಒಂದು ರಾಶಿ. ಅದರಲ್ಲಿ ಲೋಹ ಇರುವುದರಿಂದ ಎಲೆಯಿರಲಿ ಬೇರಿರಲಿ, ಟ್ರ್ಯಾಕ್ಟರಿನಲ್ಲಿ ಊರಾಚೆಯ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಗೇ ಹೋಗಬೇಕು. ಕೆಳಭಾಗದ್ದು ಇನ್ನೊಂದು ರಾಶಿ. ಅದು ಬರೀ ಗೊಬ್ಬರ, ಸೋಪು ತಿಂದು ಕೊಬ್ಬಿದ್ದು; ಯಾರ ತೋಟಕ್ಕಾದರೂ ಹಾಕಬಹುದು. ಎರಡು ರಾಶಿಗಳ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು.

ಆ ಜಾಗ ಒಮ್ಮೆ ತುಂಬಿಹೋಯಿತು. ಟ್ರ್ಯಾಕ್ಟರ್ ಕೆಟ್ಟು ವಾರದಿಂದ ಬಂದಿರಲಿಲ್ಲ. ನಾರುತ್ತಿದೆ, ದಾರಿಗೆ ಅಡ್ಡವಾಗಿದೆ ಎಂದು ಬೀದಿಯವರು ಜಗಳಕ್ಕೆ ಬಂದರು. ಜೊಂಡಣ್ಣ ಮೇಲಿನ ರಾಶಿಯನ್ನು ಒತ್ತರಿಸಿ ಕೆಳಗಿನದಕ್ಕೆ ತಾಗಿಸಿದರು. ಒಂದು ರಾತ್ರಿಯ ಮಟ್ಟಿಗೆ ತಾನೇ ಅಂದುಕೊಂಡರು. ಬೆಳಗ್ಗೆ ಎಂದಿನಂತೆ ತಳ್ಳುಗಾಡಿ ಬಂತು. ಗಾಡಿ ಅವರ ಅಕ್ಕನದು. ಕಾಲುವೆಯ ಕೆಳಗಿನ ತಿರುವಿನಲ್ಲಿ ಆಕೆಯದೊಂದು ಸೊಪ್ಪಿನ ತೋಟ. ಹತ್ತು ಬೀದಿಗೆ ಆಕೆ ಸೊಪ್ಪಿನಕ್ಕ. ಯಾವುದನ್ನು ತುಂಬಿಕೊಳ್ಳಲಿ ಎಂದು ಆಕೆ ದಡದಿಂದ ಕೇಳಿದಳು. ದೂರದಲ್ಲಿ ಅಂತರಗಂಗೆ ಎಳೆಯುತ್ತಿದ್ದ ತಮ್ಮ ತಿರುಗಿಯೂ ನೋಡದೆ ಕೈ ಬೀಸಿದರು: ತಗೊಂಡು ಹೋಗು.

"ಊಟಕ್ಕೆ ಕೂತಾಗ ರಾಶಿ ತಾಗಿಸಿದ್ದು ನೆನಪಾಯ್ತು. ತುತ್ತು ಕೈಯಲ್ಲೇ ನಿಂತೋಯ್ತು," ಎನ್ನುತ್ತಾರೆ. "ಎದ್ದು ಓಡಬೇಕಿತ್ತು. ಓಡಲಿಲ್ಲ. ಅವಳು ಹಾಕಿರಲ್ಲ, ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ನಾಳೆ ಹೋದ್ರೆ, ಅಷ್ಟೊತ್ತಿಗೆ ಪಾತಿಗೆಲ್ಲ ಬೆರೆಸಿಬಿಟ್ಟಿದ್ದಾಳೆ. ಪಕ್ಕದ ಮನೆಯವರ ಹತ್ರ ನನ್ನನ್ನೇ ಹೊಗಳ್ತಾ ಇದಾಳೆ, ನನ್ನ ತಮ್ಮ ಇಲ್ದಿದ್ರೆ ಈ ತೋಟ ಎಲ್ಲಿತ್ತು ಅಂತ. ಆ ಹೊಗಳಿಕೆ ಮಧ್ಯೆ ಹೇಗೆ ಬಾಯಿ ಬಿಡೋದು?"

ಬಿಡಲಿಲ್ಲ. ಬೀಜ ಮೊಳೆತು ಸೊಪ್ಪಾಗಿ ಕೊಯ್ಲಿಗೆ ಬರುವಷ್ಟು ಕಾಲ ಬಿಡಲಿಲ್ಲ. ಇನ್ನೊಂದು ಹಿಡಿ ಕೊಯ್ದು ಅವರು ಬುಟ್ಟಿಗೆ ಎಸೆಯುತ್ತಾರೆ. "ಮೌನ ಬಂಗಾರ ಅಂತಾರಲ್ಲ. ನಂದು ಬರೀ ಗಿಲೀಟು."

ಒಂದು ಸಂಜೆ ಅಕ್ಕನೇ ಸೊಪ್ಪಿನ ಕಂತೆ ತಂದುಕೊಟ್ಟು ಹೋದಳು. ಎಂದೂ ಇಲ್ಲದಷ್ಟು ಸೊಂಪಾದ ಎಲೆ. ಮುಂದಿನದನ್ನು ಜೊಂಡಣ್ಣನ ಹೆಂಡತಿ ಹೇಳುತ್ತಾರೆ. ಒಂದೇ ಕೋಣೆಯ ಮನೆ, ಗೋಡೆಗೊರಗಿಸಿದ ಚಾಪೆ, ಒಲೆಯ ಪಕ್ಕದಲ್ಲೇ ತಟ್ಟೆ. "ಬೇಯಿಸಿ ಬಡಿಸಿದೆ. ಇವರು ತಟ್ಟೆ ನೋಡ್ತಾ ಕೂತ್ರು. ಏನ್ರೀ, ಹುಳ ಇದ್ಯಾ ಅಂದೆ. ನೀನೂ ತಿನ್ಬೇಡ ಅಂದ್ರು. ಯಾಕೆ ಅಂದೆ. ಆಗ ಹೇಳಿದ್ರು. ನಾನೇ ಹೊರಗೆ ದಬ್ಬಿದೆ, ಮೊದ್ಲು ನಿಮ್ಮಕ್ಕನಿಗೆ ಹೋಗಿ ಹೇಳಿ, ಆಮೇಲೆ ಈ ಮನೆ ಹೊಸಿಲು ತುಳೀರಿ ಅಂತ."

ಹೋಗಿ ಹೇಳಿದರು. ಪ್ರತಿ ತಿಂಗಳು ಕಾಲುವೆಯ ನೀರನ್ನು ಬಾಟಲಿಯಲ್ಲಿ ಒಯ್ಯುವ ಪ್ರಯೋಗಾಲಯದ ಮೇಡಂ ಈ ಸಲ ಸೊಪ್ಪನ್ನು ಒಯ್ದರು. ಒಂದೆರಡು ಬಾರಿ ತಿಂದವರಿಗೆ ಭಯವಿಲ್ಲ, ಆದರೆ ದಿನವೂ ತಿನ್ನುವಂಥದ್ದಲ್ಲ ಎಂದರು. ಸೊಪ್ಪಿನಕ್ಕ ಇಡೀ ಪಾತಿಯನ್ನು ಕಿತ್ತುಹಾಕಿದಳು. ಆಮೇಲೆ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋದಳು. ನನ್ನ ಸೊಪ್ಪು ಮಿಕ್ಕಿದ್ದರೆ ಎಸೆದುಬಿಡಿ, ಅದರಲ್ಲಿ ಗಿಲೀಟು ನೀರಿನ ಲೋಹ ಸೇರಿದೆ ಎಂದು ತಾನೇ ಹೇಳಿದಳು. ಒಬ್ಬಾಕೆ ಬಾಗಿಲು ಮುಚ್ಚಿದಳು. ಇನ್ನೊಬ್ಬಾಕೆ, "ಇಷ್ಟು ದಿನ ಏನೇನು ತಿನ್ನಿಸಿದ್ಯೋ," ಅಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಹೋದದ್ದು ತಮ್ಮನ ಕೈಯಿಂದ, ಅದರ ನಾಚಿಕೆ ಹೊತ್ತು ತಿರುಗಿದವಳು ಅಕ್ಕ.

ಅಂದಿನಿಂದ ಆಕೆ ತಮ್ಮನೊಂದಿಗೆ ಮಾತಾಡಿಲ್ಲ. ಜೊಂಡಣ್ಣ ಕಾಲುವೆ ಕೆಲಸ ಮುಗಿಸಿ ಒದ್ದೆ ಬಟ್ಟೆಯಲ್ಲೇ ಅಕ್ಕನ ತೋಟಕ್ಕೆ ಹೋಗಿ ಮೇಲ್ಮಣ್ಣು ಕೆರೆದು ಗುಂಡಿಗೆ ಹೊತ್ತರು. ಉಳಿದದ್ದನ್ನು ಹೀರಲಿ ಎಂದು ಮೇಡಂ ಹೇಳಿದಂತೆ ಸಾಸಿವೆ ಬಿತ್ತಿದರು. ಅದು ಹಳದಿ ಹೂ ಬಿಟ್ಟು ನಿಂತಾಗ ದಾರಿಹೋಕರು ಎಷ್ಟು ಚೆಂದ ಎಂದು ನಿಲ್ಲುತ್ತಿದ್ದರಂತೆ. ಒಂದು ಎಲೆಯನ್ನೂ ಯಾರೂ ಬಾಯಿಗಿಡದಂತೆ ಕಾದು, ಬೇರುಸಹಿತ ಕಿತ್ತು, ಅದನ್ನೂ ಗುಂಡಿಗೆ ಸಾಗಿಸಿದರು. ಮತ್ತೊಮ್ಮೆ ಬಿತ್ತಿ, ಮತ್ತೊಮ್ಮೆ ಕಿತ್ತರು. ಅಷ್ಟು ದಿನವೂ ಅಕ್ಕ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಕುಡಿಯಲು ನೀರು ತಂದಿಡುತ್ತಿದ್ದಳು, ಚೊಂಬನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು.

"ಬೈದಿದ್ರೆ ಚೆನ್ನಾಗಿತ್ತು. ಚಿಕ್ಕವನಿದ್ದಾಗ ಎಷ್ಟು ಬೈತಿದ್ಲು ಅಂತೀರಾ. ಇನ್ನೊಂದು ಸಲ ಬಾಯ್ತುಂಬ ಬೈದುಬಿಡಲಿ, ಬೇರೇನೂ ಬೇಡ ನಂಗೆ," ಎನ್ನುತ್ತಾರೆ ಜೊಂಡಣ್ಣ.

ಸೊಪ್ಪಿನಕ್ಕನ ತೋಟ ಈಗ ಹದವಾಗಿದೆ. ಮಣ್ಣು ಸರಿಹೋಗಿದೆ ಎಂದು ಮೇಡಂ ಹೇಳಿದ ಮೇಲೆ ಆಕೆ ಹೊಸದಾಗಿ ಬಿತ್ತಿದ್ದಾಳೆ. ಪಾತಿಗಳಲ್ಲಿ ಎರಡೆಲೆಯ ಸಸಿಗಳು ಕಿವಿ ನಿಮಿರಿಸಿವೆ. ಹಳೆಯ ಗಿರಾಕಿಗಳಲ್ಲಿ ಅರ್ಧ ಜನವಾದರೂ ಬಂದಾರೋ ಇಲ್ಲವೋ ಆಕೆಗೆ ಗೊತ್ತಿಲ್ಲ.

"ರಾಶಿ ಬೆರೆಸಿದ್ದಕ್ಕೆ ನಂಗೆ ಕೋಪ ಇಲ್ಲ," ಎನ್ನುತ್ತಾಳೆ, ಕಳೆ ಕೀಳುತ್ತಲೇ. "ಕೆಲಸ ಅಂದ್ಮೇಲೆ ಕೈ ತಪ್ಪತ್ತೆ. ಆದ್ರೆ ಅವನು ಆ ದಿನಗಳಲ್ಲಿ ಇಲ್ಲಿ ಬಂದು ಕೂತಿದ್ದಾನೆ, ನನ್ನ ಕೈಲಿ ಚಹಾ ಕುಡ್ದಿದ್ದಾನೆ, ನಾನು ಸೊಪ್ಪು ಕಟ್ಟೋದನ್ನ ನೋಡ್ತಾ ಸುಮ್ಮನಿದ್ದಾನೆ. ನೋಡಿ, ಈ ಮೊದಲ ಕೊಯ್ಲು ಮಾರಲ್ಲ. ಮೇಡಂ ನೋಡಿ ಒಪ್ಪಿದ ಮೇಲೆ ಇಲ್ಲೇ ಬೇಯಿಸ್ತೀನಿ. ಅವನು ನನ್ನೆದುರು ಕೂತು ತಿನ್ನಬೇಕು. ಕರೆಯೋದು ಮಾತ್ರ ನಾನಲ್ಲ. ಅವನಾಗೇ ಬರಬೇಕು."

ಈ ಮಾತು ಮುಟ್ಟಿದಾಗ ಜೊಂಡಣ್ಣ ಕೊನೆಯ ತೆಪ್ಪದ ಹತ್ತಿರ ಇದ್ದಾರೆ. ಬರುತ್ತೀರೆಂದು ಅಕ್ಕನಿಗೆ ತಿಳಿಸಬೇಕೇ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬೇಡ, ನೀವು ಹೇಳ್ಬೇಡಿ. ಆಗಿದ್ದೇನು ಅಂತ ಹೇಳ್ದೆ, ಮಣ್ಣು ಹೊತ್ತೆ, ಸಾಸಿವೆ ಕಿತ್ತೆ. ತಪ್ಪಾಯ್ತು ಅನ್ನೋ ಒಂದು ಮಾತು ಮಾತ್ರ ಇವತ್ತಿನವರೆಗೂ ಆಡಿಲ್ಲ. ಇಷ್ಟೆಲ್ಲ ದುಡಿದ್ರೆ ಅದೇ ಹೇಳಿದ ಹಾಗೆ ಅಂದ್ಕೊಂಡಿದ್ದೆ." ಕುಡುಗೋಲನ್ನು ತೆಪ್ಪದ ಬಿದಿರಿಗೆ ಸಿಕ್ಕಿಸಿ ಅವರು ದಡ ಹತ್ತುತ್ತಾರೆ. "ಸೊಪ್ಪು ಬೆಳೆಯೋವರೆಗೂ ಕಾಯಲ್ಲ. ಈಗ್ಲೇ ಹೋಗಿ ಬರ್ತೀನಿ."