ಎದುರು ಪಕ್ಷದ ಕುರ್ಚಿ

ಬೀದಿದೀಪಗಳು ಇನ್ನೂ ಆರಿಲ್ಲ. ಕಾನೂನು ಕಾಲೇಜಿನ ಮೂಲೆಯ ಕೋಣೆಯಲ್ಲಿ ಪ್ರಾಧ್ಯಾಪಕಿಯೊಬ್ಬರು ಒದ್ದೆ ಬಟ್ಟೆಯಿಂದ ತಾವೇ ಕರಿಹಲಗೆ ಒರೆಸುತ್ತಿದ್ದಾರೆ. ಆಮೇಲೆ ಎರಡು ಕುರ್ಚಿಗಳನ್ನು ಎದುರುಬದುರು ಎಳೆದಿಡುತ್ತಾರೆ. ಒಂದರ ಕಾಲು ಅಲ್ಲಾಡುತ್ತದೆ, ಅದರ ಅಡಿಗೆ ಮಡಚಿದ ರಟ್ಟು. ಇಂದು ಅವರ ನಿವೃತ್ತಿ. ಹಾಗಂತ ಕ್ಲಾಸಿಗೆ ರಜೆಯೇ? ಉಂಟೇ!

ವಿದ್ಯಾರ್ಥಿಗಳ ಬಾಯಲ್ಲಿ ಇವರು ‘ಉಲ್ಟಾ ಮೇಡಂ’. ಯಾರು ಯಾವ ಪಕ್ಷಕ್ಕಾಗಿ ವಾದಿಸಲು ಹಾತೊರೆಯುತ್ತಾರೋ ಅವರಿಗೆ ಎದುರು ಪಕ್ಷವನ್ನೇ ಕೊಡುವುದು ಇವರ ಪದ್ಧತಿ. ಬಾಡಿಗೆ ಮನೆಯವನು ಮಾಲೀಕನ ಪರ ನಿಲ್ಲಬೇಕು, ಮಾಲೀಕನ ಮಗಳು ಬಾಡಿಗೆದಾರನ ಪರ. ಅತ್ತು ಕರೆದರೂ ಕರಗುವ ಜೀವವಲ್ಲ. ಮನೆಯಲ್ಲೂ ಇದೇ ಕಥೆಯಂತೆ. “ಜಗಳ ಕಾವೇರಿದಾಗ ತಡೆದು, ‘ಈಗ ನೀವು ನನ್ನ ಪರ ಮಾತಾಡಿ’ ಅಂತಾಳೆ. ನಗು ಬಂದ್ಬಿಡುತ್ತೆ. ನೆಟ್ಟಗೆ ಒಂದು ಜಗಳ ಆಡೋಕೂ ಬಿಟ್ಟಿಲ್ಲ ಕಣ್ರೀ,” ಎಂದು ಪತ್ರಿಕೆಗೆ ಬರೆಯಲು ಬಂದ ನನ್ನ ಬಳಿ ಅವರ ಯಜಮಾನರು ದೂರುತ್ತಾರೆ.

ಈ ಹಟದ ಹಿಂದೆ ಒಂದು ಸೋಲಿದೆ. ವಕೀಲಿ ಶುರು ಮಾಡಿದ ಹೊಸತರಲ್ಲಿ ದರ್ಜಿಯೊಬ್ಬನ ಅಂಗಡಿ ಉಳಿಸಲು ಇವರು ನಿಂತಿದ್ದರು. “ನಮ್ಮ ವಾದ ಬಾಯಿಪಾಠ ಮಾಡಿದ್ದೆ. ಎದುರಿನವರು ಹೇಳಿದ್ದಕ್ಕೆ ಉತ್ತರ ಏನಮ್ಮಾ ಅಂತ ಜಡ್ಜ್ ಕೇಳಿದ್ರು. ಬಾಯಿಗೆ ಬೀಗ ಬಿತ್ತು. ನ್ಯಾಯ ನಮ್ಮ ಕಡೆನೇ ಇತ್ತು, ಉತ್ತರ ಇರ್ಲಿಲ್ಲ. ಪಾಪ, ಅವನ ಅಂಗಡಿ ಹೋಯ್ತು.” ಇಷ್ಟು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಪಾಠವೇ ಇವರ ಕಸುಬು. ಅದೂ ಯಾರಿಗೂ ಬೇಡವಾದ ಈ ಬೆಳಗಿನ ಕ್ಲಾಸು, ದುಡಿದು ಓದುವವರದ್ದು. ದೊಡ್ಡ ಕಾಲೇಜುಗಳು ಕರೆದರೂ ಕದಲಲಿಲ್ಲ. ಇವರ ಹೆಸರಿನಲ್ಲಿ ದಪ್ಪ ಪುಸ್ತಕಗಳಿಲ್ಲ, ಪ್ರಶಸ್ತಿಗಳಿಲ್ಲ. ಇವರಿಂದ ಬೈಸಿಕೊಂಡವರು ಮಾತ್ರ ಇಂದು ನ್ಯಾಯಾಧೀಶರ ಪೀಠದಲ್ಲೂ ಕೂತಿದ್ದಾರೆ.

ಆದರೆ ಇವರೊಂದಿಗೆ ಬೆಳಗಿನ ಕ್ಲಾಸೂ ಮುಚ್ಚಲಿದೆ. ಇಷ್ಟು ಬೆಳಿಗ್ಗೆ ಬಂದು ಕಲಿಸುವವರು ಯಾರೂ ಇಲ್ಲ ಎನ್ನುವುದು ಪ್ರಾಂಶುಪಾಲರ ವಾದ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿರುವ ನರ್ಸ್ ಒಬ್ಬರ ಕಣ್ಣು ಕೆಂಪಾಗಿದೆ. “ಹಗಲು ಕ್ಲಾಸಿಗೆ ಹೋಗ್ಬೇಕಂದ್ರೆ ಕೆಲಸ ಬಿಡ್ಬೇಕು. ಕೆಲಸ ಬಿಟ್ರೆ ಮನೆ ನಡೆಯಲ್ಲ. ಅಲ್ಲಿಗೆ ನನ್ನ ಓದು ಮುಗೀತು.”

ಬೀಳ್ಕೊಡುಗೆಗೆ ಭಾಷಣ ಬೇಡವೆಂದು ಮೇಡಂ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಾರೆ. ಅದರ ಬದಲು ಒಂದು ವಾದ. ಬೆಳಗಿನ ಕ್ಲಾಸು ಇರಬೇಕೇ, ಬೇಡವೇ? ಪದ್ಧತಿ ಪದ್ಧತಿಯೇ. ಮುಚ್ಚಬೇಕು ಎಂದು ವಾದಿಸುವವರು ಖುದ್ದು ಮೇಡಂ. ಇರಬೇಕು ಎನ್ನಬೇಕಾದವರು ಪ್ರಾಂಶುಪಾಲರು. ಅವರೂ ಗುಮಾಸ್ತರಾಗಿದ್ದಾಗ ಇದೇ ಕ್ಲಾಸಿನಲ್ಲಿ ಓದಿದವರು!

ಮೇಡಂ ಎದುರಾಳಿಗೆ ಉಸಿರಾಡಲೂ ಬಿಡುವುದಿಲ್ಲ. ಅಲ್ಲಾಡುವ ಕುರ್ಚಿಯಲ್ಲಿ ಕೂತ ಪ್ರಾಂಶುಪಾಲರು ಮೊದಲು ತಡವರಿಸುತ್ತಾರೆ. ಆಮೇಲೆ ಎದ್ದು ನಿಲ್ಲುತ್ತಾರೆ. “ಹಗಲೆಲ್ಲ ಫೈಲು ಹೊತ್ಕೊಂಡು ತಿರುಗ್ತಿದ್ದೋನು ನಾನು. ಈ ಕ್ಲಾಸ್ ಇಲ್ದಿದ್ರೆ ಇವತ್ತೂ ಅದನ್ನೇ ಮಾಡ್ತಿದ್ದೆ.” ನರ್ಸ್ ಕಣ್ಣೊರೆಸಿಕೊಳ್ಳುತ್ತಾರೆ.

ಮೇಡಂ ಬಿಡುತ್ತಾರೆಯೇ? “ಸರಿ ಸ್ವಾಮಿ, ಪಾಠ ಮಾಡೋರು ಯಾರು? ಯಾರೂ ಇಲ್ಲ ಅಂತ ನೀವೇ ಹೇಳಿದ್ರಲ್ಲ? ಉತ್ತರ ಕೊಡಿ.”

ಪ್ರಾಂಶುಪಾಲರು ನರ್ಸ್ ಕಡೆ ನೋಡುತ್ತಾರೆ, ಗುರುವಿನ ಕಡೆ ನೋಡುತ್ತಾರೆ.

“ನಾನು ಬರ್ತೀನಿ ಮೇಡಂ. ನಾಳೆಯಿಂದ್ಲೇ.”

ಮೇಡಂ ಕುರ್ಚಿಯ ಬೆನ್ನು ಹಿಡಿದು ಪಕ್ಕಕ್ಕೆ ಸರಿಸುತ್ತಾರೆ. “ಎದುರು ಪಕ್ಷದ ಹತ್ರ ಉತ್ತರ ಇದೆ. ನಾನು ಸೋತೆ.”

ಚಪ್ಪಾಳೆ ಕೋಣೆ ತುಂಬುತ್ತದೆ. ಇಂಥ ಒಬ್ಬರು ನಮ್ಮೂರಲ್ಲೇ ಇದ್ದಾರೆ ಎಂಬುದೇ ಹೆಮ್ಮೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ.

“ನಾಳೆ ಕೊನೇ ಬೆಂಚಲ್ಲಿ ಕೂತ್ಕೋಬೇಕು, ಅಷ್ಟೇ. ನನ್ನ ಸೋಲಿಸಿದ ಹುಡುಗ ಹೇಗೆ ಪಾಠ ಮಾಡ್ತಾನೆ ಅಂತ ಕಣ್ತುಂಬ ನೋಡ್ಬೇಡ್ವಾ?”