ನಾಲ್ಕನೆಯ ತಂತಿಯ ನಂತರ

ನಮ್ಮ ಸಂಗೀತದ ಟೀಚರ್ ಅವರ ಬಲಗೈ ತೋರುಬೆರಳ ತುದಿ ಜಡ್ಡುಗಟ್ಟಿತ್ತು; ಅದರ ನಡುವೆ ತಂಬೂರಿಯ ತಂತಿ ಕೊರೆದ ಕಪ್ಪು ಗೀರು. ಪಾರ್ಶ್ವವಾಯು ಬಡಿದು ಆ ಕೈ ಮಡಿಲಿನಲ್ಲೇ ಉಳಿದುಹೋದ ಮೇಲೂ ಗೀರು ಮಾಸಲಿಲ್ಲ.

ಸಾಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಪಾಠ ನಡೆಯುತ್ತಿತ್ತು. ನಾಲ್ಕು ತಂತಿ ಮೀಟಿದ ಮೇಲೆ ಅವರು ತುಸು ಬಿಡುವು ಕೊಡುತ್ತಿದ್ದರು. ನಾವು ಉಸಿರೆಳೆದುಕೊಳ್ಳಬೇಕಾದದ್ದು ಆಗ ಮಾತ್ರ. ನಡುವೆ ಎಳೆದುಕೊಂಡರೆ, "ಎಂತದೇ ಇದು, ಹೊಳೆ ದಾಟೋ ಲಾಂಚ್ ಹಿಡೀಲಿಕ್ಕೆ ಓಡಿದವಳ ಹಾಗೆ?" ಎನ್ನುತ್ತಿದ್ದರು. ಕೈ ನಿಂತ ಮೇಲೆ ನಾವು ಹಾಕಿಕೊಟ್ಟ ಮೊಬೈಲಿನ ತಂಬೂರಿ ಅವರಿಗೆ ಹಿಡಿಸಲಿಲ್ಲ. "ಇದು ಉಸಿರಾಡ್ಲಿಕ್ಕೇ ಬಿಡೋದಿಲ್ಲ ಮಾರಾಯ್ತಿ. ಹಾಡು ನಿಂತ್ರೆ ನಾನು ಇದ್ದೂ ಎಂತ ಮಾಡ್ಲಿ?"

ಎಲೆಕ್ಟ್ರಾನಿಕ್ಸ್ ಓದಿದ್ದ ನಾನು ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕದ ಚಿಪ್ಪು, ಸ್ಪೀಕರ್, ಮರದ ಡಬ್ಬಿ ಸೇರಿಸಿ ಅವರಿಗಾಗಿ ಶ್ರುತಿಪೆಟ್ಟಿಗೆ ಕಟ್ಟಿದೆ. ಅದರಲ್ಲಿ ಒಂದು ಟೈಮರ್ ನಾದ ಹುಟ್ಟಿಸಬೇಕು, ಇನ್ನೊಂದು ಯಾವ ತಂತಿ ಯಾವಾಗ, ನಾಲ್ಕರ ನಂತರ ಬಿಡುವೆಷ್ಟು ಎಂದು ತಿಳಿಸಬೇಕು. ಹೊತ್ತಾದಾಗ ಟೈಮರ್ ನಡೆಯುತ್ತಿರುವ ಕೆಲಸವನ್ನು ತಡೆದು ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಅದನ್ನೇ ಇಂಟರಪ್ಟ್ ಎನ್ನುವುದು.

ಮೊದಲ ದಿನ ಕೇಳಿ ಟೀಚರ್ ನಕ್ಕುಬಿಟ್ಟರು. "ನಿನ್ನ ಪೆಟ್ಟಿಗೆಗೆ ಬಿಕ್ಕಳಿಕೆ ಕಣೇ. ನೀರು ಕುಡಿಸು."

ಹೊಸ ತಂತಿಯ ಲೆಕ್ಕವನ್ನೆಲ್ಲ ನಾನು ಇಂಟರಪ್ಟಿನೊಳಗೇ ತುರುಕಿದ್ದೆ. ಅದು ಮುಗಿಯುವವರೆಗೆ ನಾದದ ಟೈಮರ್ ಕಾಯುತ್ತಿತ್ತು, ಸ್ವರ ಮುಗ್ಗರಿಸುತ್ತಿತ್ತು. ಲೆಕ್ಕವನ್ನು ಹೊರಗೆ ತಂದೆ. ಬಿಕ್ಕಳಿಕೆ ನಿಂತಿತು. ಟೀಚರ್ ಎಡಗೈಯಿಂದ ಗುಂಡಿ ಒತ್ತಿ ಮತ್ತೆ ಹಾಡತೊಡಗಿದರು.

ಮಳೆಗಾಲ ಶುರುವಾದಾಗ ಹೇಳಿದರು: "ಬಿಡುವು ಯಾಕೋ ಸಣ್ಣ ಆಗ್ತಿದೆ. ಟೈಮರ್ ಬೇಗ ಓಡ್ತಿದೆಯಾ ನೋಡು."

ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿಗೆ ಒಯ್ದು, ನಾದವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿದೆ. ಬಿಡುವು ನಾನು ಇಟ್ಟಷ್ಟೇ ಇತ್ತು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ, ಟೈಮರಿಗೆ ತಾಳ ಕೊಡುವ ಹರಳು ಬದಲಿಸಿದೆ, ಮತ್ತೆ ಅಳೆದೆ. ತಪ್ಪು ಸಿಗಲಿಲ್ಲ. ಎಷ್ಟೋ ಹೊತ್ತು ಪರದೆಯ ಗೆರೆಯನ್ನೇ ನೋಡುತ್ತ ಕುಳಿತ ಮೇಲೆ ಹೊಳೆಯಿತು: ಗಿಡ್ಡವಾಗುತ್ತಿದ್ದದ್ದು ಅವರ ಉಸಿರು.

"ಟೈಮರಿಂದೇ ತಪ್ಪು ಟೀಚರ್, ಸರಿ ಮಾಡ್ದೆ" ಎಂದು ಹೇಳಿ ಬಿಡುವನ್ನು ಉದ್ದ ಮಾಡಿ ಕೊಟ್ಟೆ.

"ನೋಡಿದ್ಯಾ, ನನ್ನ ಕಿವಿ ಇನ್ನೂ ಕೆಟ್ಟಿಲ್ಲ!" ಅವರ ಮುಖ ಅರಳಿತು.

ಆಮೇಲೆ ಪದೇಪದೇ ಉದ್ದ ಮಾಡಬೇಕಾಯಿತು. ಪ್ರತಿಸಲವೂ ಟೈಮರನ್ನೇ ದೂರಿದೆ. ಕೊನೆಯ ಸಲ ಅವರು ನನ್ನನ್ನೇ ನೋಡುತ್ತಾ, "ಪಾಪ, ಅದನ್ನ ಬಯ್ಬೇಡ. ನಾ ಕೇಳಿದಷ್ಟು ಕೊಟ್ಟಿದೆ" ಎಂದರು. ನಾನು ಸ್ಕ್ರೂ ಬಿಗಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ದೀಪಾವಳಿ ಕಳೆದು ವಾರಕ್ಕೆ ಅವರು ತೀರಿಹೋದರು. ಅವರ ಕೋಣೆಯಲ್ಲಿ ಶಿಷ್ಯೆಯರೆಲ್ಲ ಸೇರಿ ಹಾಡಲು ಕುಳಿತಾಗ ಆ ಪೆಟ್ಟಿಗೆಯನ್ನೇ ಇಟ್ಟೆವು. ನಾಲ್ಕನೆಯ ತಂತಿ ಮಿಡಿದು ಅಡಗಿತು. ಎಲ್ಲರೂ ಉಸಿರೆಳೆದುಕೊಂಡು ಕಾದರು. ಮುಂದಿನ ತಂತಿ ಇನ್ನೂ ಬರಲಿಲ್ಲ.

"ಕೆಟ್ಟೋಯ್ತಾ?" ಪಕ್ಕದವಳು ಪಿಸುಗುಟ್ಟಿದಳು.

"ಇಲ್ಲ" ಎಂದೆ. "ಟೀಚರ್‌ಗೆ ಇಷ್ಟು ಹೊತ್ತು ಬೇಕಾಗ್ತಿತ್ತು."